ಐದಕ್ಕೆ ಒಂದು

ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಹಳ್ಳಿಗಳಿಗೆ ಕಳಿಸುವ ಸಂಸ್ಥೆಯೊಂದು ಚಿಂತಾಮಣಿಯಲ್ಲಿತ್ತು. ಅದರ ಸಾಮರ್ಥ್ಯ ಅಳೆದು ಅಂಕ ಕೊಡಲು ನನ್ನನ್ನು ಕಳಿಸಿದ್ದರು. ಬಾಗಿಲಲ್ಲೇ ವೆಂಕಟಲಕ್ಷ್ಮಮ್ಮ ಎಂಬ ಹಿರಿಯ ಕಾರ್ಯಕರ್ತೆ ಮೊಮ್ಮಗಳ ನೋಟ್‌ಬುಕ್ ಹಿಡಿದು ನಿಂತಿದ್ದರು.

"ಹೆಸರು ಬರೆಯೋದು ಕಲ್ತಿದೀನಮ್ಮ. ಪರೀಕ್ಷೆಗೆ ಅಷ್ಟು ಸಾಕಲ್ವಾ? ಕೆಲಸದಿಂದ ತೆಗೆಯಲ್ಲ ತಾನೇ?"

"ಪರೀಕ್ಷೆ ಸಂಸ್ಥೆಗೆ, ನಿಮಗಲ್ಲ," ಎಂದೆ.

"ಸಂಸ್ಥೆ ಅಂದ್ರೆ ಯಾರಮ್ಮ? ಈ ಗೋಡೇನಾ?"

ನಗು ಬಂತು. ಮನೆಭೇಟಿಯ ವಿವರ ಬರೆಯುವ ರಿಜಿಸ್ಟರ್ ಕೇಳಿದೆ, ಖಾಲಿಯಿತ್ತು. ಆಕೆ ಕಣ್ಣು ಮುಚ್ಚಿ ತಮ್ಮ ಹಳ್ಳಿಗಳ ಬಸುರಿಯರ ವಿವರವನ್ನೆಲ್ಲ ಬಾಯಿಪಾಠ ಒಪ್ಪಿಸಿದರು: ಯಾರಿಗೆ ರಕ್ತ ಕಡಿಮೆ, ಯಾರು ತವರಿಗೆ ಹೋಗಿದ್ದಾರೆ, ಯಾರ ಅತ್ತೆ ಮಾತ್ರೆ ನುಂಗಲು ಬಿಡುವುದಿಲ್ಲ.

ನಾನು ಶಾಲೆಗೆ ಹೋದವಳಲ್ಲ. ದಿನಸಿ ಪೊಟ್ಟಣದ ಹಳೇ ಪೇಪರಿನಲ್ಲಿ ಅಕ್ಷರ ಕಲಿತವಳು. ನಾನು ಕಲಿತೆನಲ್ಲ, ಇವರಿಗೇನು ಕಷ್ಟ ಎಂಬ ಸೊಕ್ಕು ನನಗೆ. ದಾಖಲೆಗೆ ಐದಕ್ಕೆ ಒಂದು ಅಂಕ ಹಾಕಿ, "ಓದುಬರಹ ಬಲ್ಲವರನ್ನು ನೇಮಿಸಿ" ಎಂದೂ ಬರೆದೆ.

ಮರುವರ್ಷ ಹೋದಾಗ ವೆಂಕಟಲಕ್ಷ್ಮಮ್ಮ ಇರಲಿಲ್ಲ. ನನ್ನ ವರದಿ ನೋಡಿಯೇ ಕೆಲಸ ಬಿಡಿಸಿದ್ದರಂತೆ. ಹೊಸ ಹುಡುಗಿ ಭರ್ತಿಯಾದ ರಿಜಿಸ್ಟರ್ ತಂದಳು. ಕೈವಾರದ ಕಡೆಯ ಬಸುರಿಯೊಬ್ಬಳ ಹೆಸರಿನ ಮುಂದೆ ಮೂರು ತಿಂಗಳೂ "ಮನೆಗೆ ಬೀಗ" ಎಂದಿತ್ತು.

"ಎಲ್ಲಿ ಹೋಗಿದಾಳಮ್ಮ ಇವಳು?"

"ಗೊತ್ತಿಲ್ಲ ಮೇಡಂ. ವೆಂಕಟಲಕ್ಷ್ಮಮ್ಮ ಇದ್ದಿದ್ರೆ ಹೇಳ್ತಿದ್ರು."

ಅಕ್ಷರ ಮಾತ್ರ ಮುತ್ತಿನಂತಿತ್ತು. ನನ್ನ ಫಾರಂ ಕೇಳುವುದೂ ಅಷ್ಟೇ. ಐದಕ್ಕೆ ಐದು ಹಾಕಿ ಬಂದೆ.