ಬೀರಪ್ಪನ ತಿರುವಿನ ಪೂಜಾರಿ ತಾತ

ಪೂಜಾರಿ ತಾತನ ಅಂಗೈ ಗೆರೆಗಳಲ್ಲಿ ಯಾವಾಗಲೂ ಅರಿಶಿನ ಇರುತ್ತಿತ್ತು. ದಿನಾ ಬೀರಪ್ಪ ದೇವರ ಭಂಡಾರದ ಪುಡಿ ಹಿಡಿದ ಕೈ ಅದು. ಬಾವಿ ಕಟ್ಟೆಯ ಮೇಲೆ ಕೂತು ಎಷ್ಟು ತಿಕ್ಕಿದರೂ ಮೇಲಿನ ಬಣ್ಣ ಮಾತ್ರ ಹೋಗುತ್ತಿತ್ತು, ಗೆರೆಯೊಳಗಿನದು ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು, ಕುರಿಮರಿಯ ಬಾಯಿ ಬಿಡಿಸಿ ಔಷಧ ಹಾಕುತ್ತಿದ್ದರು, ನಮ್ಮಪ್ಪನ ಹೋಟೆಲಿನ ಚಹಾ ಲೋಟ ಹಿಡಿಯುತ್ತಿದ್ದರು. ತೊಳೆಯಲು ಬಂದ ಲೋಟಗಳಲ್ಲಿ ಹಳದಿ ಬೆರಳಚ್ಚು ಇದ್ದರೆ ತಾತ ಬಂದು ಹೋಗಿದ್ದಾರೆ ಎಂದು ಅವ್ವ ಹೇಳುತ್ತಿದ್ದಳು.

ನಾರಾಯಣಪೇಟೆಯಿಂದ ಮಕ್ತಲ್‌ಗೆ ಹೋಗುವ ರಸ್ತೆಯ ಮೇಲೆ ನಮ್ಮೂರು. ಮುಂದೆ ಹೋಟೆಲು, ಹಿಂದೆ ನಮ್ಮ ಮನೆ, ಪಕ್ಕದಲ್ಲಿ ತಾತನ ಮನೆ, ಎದುರಿಗೆ ಬೀರಪ್ಪನ ಗುಡಿ. ದೊಡ್ಡ ರಸ್ತೆಯೇನಲ್ಲ. ಹತ್ತಿ, ತೊಗರಿ ಹೊಲಗಳ ನಡುವೆ ಸಾಗಿ ಮಕ್ತಲ್ ಮುಟ್ಟುತ್ತದೆ. ಅಲ್ಲಿ ರಾಯಚೂರಿಗೆ ಹೋಗುವವರು ಒಂದು ಬಸ್ಸು ಹತ್ತುತ್ತಾರೆ, ಜುರಾಲ ಅಣೆಕಟ್ಟು ದಾಟಿ ಗದ್ವಾಲಿಗೆ ಹೋಗುವವರು ಇನ್ನೊಂದು. ಆ ರಸ್ತೆ ನಮ್ಮ ಗುಡಿಯ ಹತ್ತಿರ ಬಂದಾಗ ಮಾತ್ರ ಕುಡುಗೋಲಿನ ಹಾಗೆ ಬಾಗುತ್ತಿತ್ತು.

ಅದರ ಕಥೆಯನ್ನು ತಾತ ಹೋಟೆಲಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಮೊದಲು ಅದು ಬಂಡಿಯ ಜಾಡು. ನಿಜಾಮರ ಕಾಲದಲ್ಲಿ ಮೊರಂ ಮಣ್ಣು ಹಾಕಿ ಸಡಕು ಮಾಡಲು ಬಂದಾಗ ಗುಡಿ ಅಡ್ಡ ಬಂತು. ಕಿತ್ತು ಬೇರೆ ಕಡೆ ಇಡಿ ಎಂದರು. ತಾತನ ಅಜ್ಜ ಗುಡಿಯ ಮುಂದೆ ಕಂಬಳಿ ಹಾಸಿಕೊಂಡು ಕೂತುಬಿಟ್ಟರು. ಬಿಸಿಲಿಗೆ ಜಗ್ಗಲಿಲ್ಲ, ಬೆದರಿಕೆಗೆ ಜಗ್ಗಲಿಲ್ಲ. ಕಡೆಗೆ ಸಡಕೇ ಬಾಗಿತು. ಇಷ್ಟು ಹೇಳಿ ತಾತ ಲೋಟ ಕೆಳಗಿಟ್ಟು, "ಸರ್ಕಾರದ ಸಡಕು ನಮ್ಮ ಬೀರಪ್ಪಗ ಪ್ರದಕ್ಷಿಣಿ ಹಾಕಿ ಮುಂದ ಹೋಗತೈತಿ ನೋಡ್ರಿ" ಎನ್ನುತ್ತಿದ್ದರು. ಊರಿಗೆಲ್ಲ ಅದು ಹೆಮ್ಮೆಯ ಮಾತು. ಮದುವೆಗೆ ಹೆಣ್ಣು ನೋಡಲು ಬಂದ ಬೀಗರಿಗೂ ಅದನ್ನೇ ಮೊದಲು ತೋರಿಸುತ್ತಿದ್ದರು.

ತಾತ ಸುಮ್ಮನೆ ನಡೆಯುತ್ತಿದ್ದುದನ್ನು ನಾನು ನೋಡಿಲ್ಲ. ಕುರಿಗಳ ಹಿಂದೆ ಹೋಗುವಾಗ ಕೈಯಲ್ಲಿ ನೂಲುವ ಕದಿರು ತಿರುಗುತ್ತಲೇ ಇರುತ್ತಿತ್ತು, ಉಣ್ಣೆ ನೂಲಾಗುತ್ತಲೇ ಇರುತ್ತಿತ್ತು. ಲಾರಿ ಚಾಲಕರನ್ನೆಲ್ಲ ಅಳಿಯಂದಿರೇ ಎಂದು ಕರೆಯುತ್ತಿದ್ದರು. ಯಾವನಾದರೂ ಹಾರ್ನ್ ಹೊಡೆದು ಕುರಿಗಳನ್ನು ಬೆದರಿಸಿದರೆ ಬೈಯುತ್ತಿರಲಿಲ್ಲ. ಮುಂದೆ ಹೋಗಿ ನಿಂತು, ಚಹಾ ಕುಡಿದು ಹೋಗು, ಅಷ್ಟರಲ್ಲಿ ಇವು ದಾಟುತ್ತವೆ ಎಂದು ಕೆಳಗಿಳಿಸುತ್ತಿದ್ದರು. ಅಪ್ಪನಿಗೆ ಅದರಿಂದ ವ್ಯಾಪಾರವೂ ಆಗುತ್ತಿತ್ತು.

ನಾನು ಇಂಟರ್ ಮುಗಿಸಿದಾಗ ಗದ್ವಾಲಿನಲ್ಲಿ ಚಿಗವ್ವನ ಮನೆಯಲ್ಲಿದ್ದು ಡಿಗ್ರಿ ಓದಬೇಕೆಂದು ಆಸೆಪಟ್ಟೆ. ಅಪ್ಪ ಒಪ್ಪಲಿಲ್ಲ. ದೂರ, ಹೊಳೆಯಾಚೆ, ಹೆಣ್ಣುಮಗಳು ಎಂದರು. ತಾತ ಕದಿರು ನಿಲ್ಲಿಸಿ ಅಪ್ಪನಿಗೆ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಕೃಷ್ಣಾ ದಾಟಾಕ ನಮ್ಮವ್ವ ಹರಗೋಲಿನ್ಯಾಗ ಜೀವ ಕೈಯಾಗ ಹಿಡಕೊಂಡು ಕುಂದರತಿದ್ಲು. ಈಗ ಡ್ಯಾಮಿನ ಮ್ಯಾಲೆ ಬಸ್ಸು ಹೋಗತೈತಿ. ದಾರಿ ಇದ್ದೂ ಮಗಳ್ನ ಮನ್ಯಾಗ ಕುಂದರಿಸಿದ್ರ, ಆ ದಾರಿ ಯಾರ ಸಲುವಾಗಿ ಹಾಕ್ಯಾರಪ್ಪಾ?"

ಮರುವಾರ ಅಪ್ಪನೇ ನನ್ನನ್ನು ಗದ್ವಾಲಿಗೆ ಕರೆದುಕೊಂಡು ಹೋದರು.

ರಸ್ತೆಗೆ ಒಳ್ಳೆಯ ಡಾಂಬರು ಬಿದ್ದ ಮೇಲೆ ಗಾಡಿಗಳ ವೇಗ ಹೆಚ್ಚಿತು. ತಿರುವಿನಲ್ಲಿ ಒಬ್ಬಿಬ್ಬರು ಜಾರಿ ಬಿದ್ದು ಕೈಕಾಲು ಮುರಿದುಕೊಂಡರು. ಬೀರಪ್ಪ ಜೀವ ಉಳಿಸಿದ ಎಂದು ಕಾಯಿ ಒಡೆದು ಹೋದರು. ನಾನು ರಜೆಗೆ ಊರಿಗೆ ಬಂದಿದ್ದಾಗ, ಒಂದು ಸಂಜೆ, ಗದ್ವಾಲಿನ ನೇಕಾರ ಗಂಡ ಹೆಂಡತಿ ನಾರಾಯಣಪೇಟೆಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬೈಕಿನಲ್ಲಿ ವಾಪಸು ಹೊರಟಿದ್ದರು. ಗುಡಿಯ ಮರೆಯಿಂದ ಹತ್ತಿ ಹೇರಿದ ಲಾರಿ ಎದುರಿಗೆ ಬಂತು. ತಪ್ಪಿಸಲು ಹೋಗಿ ಬೈಕು ಗುಡಿಯ ಕಲ್ಲುಕಟ್ಟೆಗೆ ಬಡಿಯಿತು. ಗಂಡ ಅಲ್ಲೇ ಹೋದ. ಹೆಂಡತಿ ಮರಳಿನ ಮೇಲೆ ಬಿದ್ದಿದ್ದಳು. ತಾತ ಓಡಿಹೋಗಿ ತಮ್ಮ ಕಂಬಳಿ ಹೊದಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಆಂಬುಲೆನ್ಸ್ ಬರುವವರೆಗೂ ಅವಳು, ಅವರು ಎದ್ದರಾ ತಾತ, ಎಂದು ತೆಲುಗಿನಲ್ಲಿ ಕೇಳುತ್ತಲೇ ಇದ್ದಳು.

ಮರುದಿನ ಕಟ್ಟೆಯನ್ನು ಅವರೇ ತೊಳೆದರು. ಪೂಜೆಗೆ ಹೂವಿನ ಬುಟ್ಟಿ ಹಿಡಿದು ಬಾಗಿಲ ತನಕ ಹೋಗಿ ಅಲ್ಲೇ ಕೂತರು. ಯಾರೋ, ಹಣೆಬರಹ ಪೂಜಾರಿ, ದೇವರ ಪಾದದಲ್ಲೇ ಜೀವ ಬಿಟ್ಟ, ಪುಣ್ಯವಂತ ಎಂದರು. ತಾತ ಎದ್ದು ಹೊರಟುಹೋದರು. ಸಡಕು ಬಾಗಿದ ಕಥೆಯನ್ನು ಆಮೇಲೆ ಅವರ ಬಾಯಲ್ಲಿ ನಾನು ಕೇಳಲಿಲ್ಲ.

ರಜೆ ಮುಗಿದು ನಾನು ಗದ್ವಾಲಿಗೆ ಹೊರಟಾಗ, ನಾನೂ ಬರುತ್ತೇನೆ, ಆ ಹೆಣ್ಣುಮಗಳ ಮನೆ ತೋರಿಸು ಎಂದರು ತಾತ. ಅವಳ ಮನೆ ಚಿಗವ್ವನ ಓಣಿಯಾಚೆಗೇ ಇತ್ತು. ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಅಣೆಕಟ್ಟಿನ ಮೇಲೆ ಹೋಗುವಾಗ ಎಲ್ಲರೂ ಕಿಟಕಿಗೆ ಬಂದು ನೀರು ನೋಡಿದರು. ತಾತ ತಲೆ ಎತ್ತಲಿಲ್ಲ.

ಅವಳು ಮಗ್ಗದ ಮುಂದೆ ಕೂತಿದ್ದಳು. ಕಾಲಿಗೆ ಇನ್ನೂ ಪಟ್ಟಿ ಇತ್ತು. ಅರ್ಧ ನೇಯ್ದ ಸೀರೆ, ಗಂಡ ಬಿಟ್ಟುಹೋದದ್ದಂತೆ. ತಾತನನ್ನು ಗುರುತು ಹಿಡಿದು, ಎದ್ದು ಚಾಪೆ ಹಾಸಲು ಹೋದಳು. ತಾತ ಬೇಡವೆಂದು ನೆಲದ ಮೇಲೇ ಕೂತು ಕೈಮುಗಿದರು. ಇದೇನು ಮಾಡುತ್ತೀರಿ, ರಸ್ತೆ ಹಾಕಿದವರು ನೀವಲ್ಲವಲ್ಲ ಎಂದು ಅವಳು ಅತ್ತಳು.

"ಹಾಕಿದೋರು ನಾವಲ್ಲ ಅವ್ವಾ. ಬಾಗಿಸಿದೋರು ನಾವು" ಎಂದರು ತಾತ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಹಾಗಿದ್ದರೆ ಅಲ್ಲಿ ಇನ್ನೊಬ್ಬರು ಬೀಳದ ಹಾಗೆ ನೋಡಿ, ನನಗೆ ಬೇರೇನೂ ಬೇಡ ಎಂದಳು.

ಸ್ವಲ್ಪ ಕಾಲದಲ್ಲೇ ರಸ್ತೆ ಅಗಲ ಮಾಡುವ ಕೆಲಸ ಬಂತು. ಗಲಾಟೆ ಬೇಡವೆಂದು ಅಳತೆಗೆ ಬಂದವರು ಹಳೆಯ ತಿರುವನ್ನೇ ಗುರುತು ಹಾಕಿಕೊಂಡಿದ್ದರು. ಊರಿನ ಹಿರಿಯರು ಗುಡಿಯ ಮುಂದೆ ಸೇರಿ, ಇದೇ ಸರಿ ಎಂದರು. ಆಗ ತಾತ ಎದ್ದು, ದೇವರನ್ನು ಊರ ಹಿಂದಿನ ದಿಬ್ಬಕ್ಕೆ ಒಯ್ಯೋಣ, ರಸ್ತೆ ನೆಟ್ಟಗೆ ಹೋಗಲಿ ಎಂದು ಕೇಳಿದರು. ಯಾರಿಗೂ ತಮ್ಮ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಎಲ್ಲರಿಗಿಂತ ಜೋರಾಗಿ ವಿರೋಧ ಮಾಡಿದವರು ತಾತನ ಸ್ವಂತ ತಮ್ಮ. ಅಜ್ಜ ಬಿಸಿಲಲ್ಲಿ ಕೂತು ಉಳಿಸಿದ್ದನ್ನು ಮೊಮ್ಮಗ ಕೀಳಿಸುತ್ತಾನಾ, ನಮ್ಮ ವಂಶಕ್ಕೆ ಪಾಪ ತಟ್ಟುವುದಿಲ್ಲವಾ ಎಂದರು.

ತಾತ ಸೊಂಟದಿಂದ ಗುಡಿಯ ಕೀಲಿ ಬಿಚ್ಚಿ ತಮ್ಮನ ಮುಂದೆ ಇಟ್ಟರು.

"ಪಾಪ ತಟ್ಟೂದಾದ್ರ ನನಗ ತಟ್ಟಲಿ. ಇವತ್ತಿಂದ ಪೂಜಿ ನೀ ಮಾಡು. ನಮ್ಮಜ್ಜನ ಕಾಲಕ್ಕ ಇಲ್ಲಿ ಬಂಡಿ ಬರತಿದ್ವು. ಬಂಡಿ ಎತ್ತು ದೇವರ್ನ ಕಂಡು ತಾನಾಗೇ ನಿಲ್ಲತಿತ್ತು. ಲಾರಿ ನಿಲ್ಲಂಗಿಲ್ಲಪ್ಪಾ."

ಒಪ್ಪಿಗೆ ಒಂದೇ ದಿನಕ್ಕೆ ಸಿಗಲಿಲ್ಲ. ತಾತ ಮನೆ ಮನೆಗೆ ಹೋದರು. ಕೆಲವರು ಬಾಗಿಲು ಹಾಕಿಕೊಂಡರು. ದೇವರನ್ನೇ ದಾರಿಗೆ ಬಿಟ್ಟುಕೊಟ್ಟವ ಎಂದು ಬೆನ್ನ ಹಿಂದೆ ಆಡಿಕೊಂಡರು. ಕಡೆಗೆ ಹೆಂಗಸರು ಅವರ ಕಡೆ ನಿಂತರು. ಮಕ್ಕಳನ್ನು ಶಾಲೆಗೆ ಕಳಿಸುವವರು ನಾವು, ಆ ತಿರುವಿನ ಭಯ ನಮಗೆ ಗೊತ್ತು ಎಂದು ನಮ್ಮವ್ವನೇ ಮೊದಲು ಬಾಯಿ ಬಿಟ್ಟಳು. ಹಿರಿಯರು ಒಪ್ಪಿದರು. ಆದರೆ ದೇವರನ್ನು ಎಬ್ಬಿಸುವಾಗ ತಾತ ಮುಟ್ಟಬಾರದು ಎಂದು ಕಟ್ಟಳೆ ಮಾಡಿದರು.

ಆ ದಿನ ಡೊಳ್ಳು ಬಾರಿಸುತ್ತ, ಕರಿ ಕಂಬಳಿಯಲ್ಲಿ ಬೀರಪ್ಪನನ್ನು ಸುತ್ತಿ ತಾತನ ತಮ್ಮ ಹೊತ್ತರು. ಬುದ್ಧಿ ಬಂದಾಗಿನಿಂದ ಆ ಕಲ್ಲಿಗೆ ನೀರೆರೆದ ಮನುಷ್ಯ ಮೆರವಣಿಗೆಯ ಕಡೇ ಸಾಲಿನಲ್ಲಿ, ನಮ್ಮ ಜೊತೆ ನಡೆದರು. ದಿಬ್ಬ ಹತ್ತುವಾಗ ಅವರ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಆ ತಮ್ಮ ತಾತನ ಜೊತೆ ಮಾತು ಬಿಟ್ಟರು. ಗೋಡೆಗೆ ಗೋಡೆ ಹತ್ತಿದ ಮನೆ, ಒಂದೇ ಬಾವಿ, ಆದರೂ ಮಾತಿಲ್ಲ. ತಾತ ಸೋಮವಾರ ಎಲ್ಲ ಭಕ್ತರಂತೆ ಸಾಲಿನಲ್ಲಿ ನಿಂತು, ತಮ್ಮನ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಬರುತ್ತಿದ್ದರು. ಬೇಸರವಾಗುವುದಿಲ್ಲವಾ ಎಂದು ಒಮ್ಮೆ ಕೇಳಿದೆ. "ಆಗತೈತಿ. ಆದ್ರ ರಾತ್ರಿ ನಿದ್ದಿ ಬರತೈತಿ" ಎಂದರು.

ನಾನು ಓದು ಮುಗಿಸಿ, ನಾರಾಯಣಪೇಟೆಯ ಹತ್ತಿರದ ಶಾಲೆಯಲ್ಲಿ ಕನ್ನಡ ಟೀಚರಾದೆ. ಹೋದ ಬೇಸಿಗೆಯ ಮೊದಲಲ್ಲಿ ತಾತ ಕುರಿಹಟ್ಟಿಯ ಮುಂದೆ ಮಲಗಿದ್ದವರು ಏಳಲಿಲ್ಲ. ಗದ್ವಾಲಿನಿಂದ ಆ ಹೆಣ್ಣುಮಗಳು ತಾನೇ ನೇಯ್ದ ಪಂಚೆ ತಂದು ಹೊದಿಸಿದಳು. ಮಣ್ಣು ಮಾಡಿ ಬಂದ ಮೇಲೆ ತಾತನ ತಮ್ಮ ನಮ್ಮ ಹೋಟೆಲಿನ ಬೆಂಚಿನ ಮೇಲೆ ಕೂತರು. ಅವ್ವ ಕೊಟ್ಟ ಚಹಾ ಆರಿಹೋಯಿತು. ಎದುರಿಗೆ ನೆಟ್ಟಗೆ ಬಿದ್ದ ರಸ್ತೆಯನ್ನೇ ನೋಡುತ್ತ ಅವರು ನನಗೆ ಹೇಳಿದರು.

"ನನ್ನ ಮಗ ದಿನಾ ಇದ ರಸ್ತ್ಯಾಗ ಆಟೊ ಹೊಡಿತಾನ ಅವ್ವಾ. ಅಂವ ಬರೂದು ತಡಾ ಆದ್ರೂ ನನಗ ಎದಿ ಹೊಡಕೊಳ್ಳೂದಿಲ್ಲ. ಇದನ್ನ ಅಣ್ಣಗ ಒಂದು ದಿನಾನೂ ಹೇಳಲಿಲ್ಲ ನಾ."

ಮರುದಿನ ಶಾಲೆ ಇತ್ತು. ನಾನು ಸ್ಕೂಟಿ ತೆಗೆದಾಗ ಅಪ್ಪ ಎಂದಿನಂತೆ ಹೋಟೆಲಿನ ಬಾಗಿಲಿಗೆ ಬಂದು ನಿಂತರು. ಒಂದು ಕಾಲದಲ್ಲಿ ನನ್ನನ್ನು ಮನೆಯಿಂದಾಚೆ ಕಳಿಸಲು ಹೆದರಿದ್ದ ಅಪ್ಪನಿಗೆ, ಈಗ ಆ ನೆಟ್ಟನೆಯ ರಸ್ತೆಯಲ್ಲಿ ಬಹುದೂರದ ತನಕ ನಾನು ಕಾಣುತ್ತಿರುತ್ತೇನೆ.