ಅಜ್ಜಿ ಉದುರಿಸಿದ ಚಿಟಿಕೆ ವಿಭೂತಿ

ಬೆಳಿಗ್ಗೆ ಮಗಳು ಓವನ್ನಿನ ಬಾಗಿಲು ತೆರೆದಳು. ಬಿಸಿ ಬೆಣ್ಣೆಯ ಘಮ ಬಂದದ್ದೇ, ನಾನು ಚಾಮರಾಜಪುರಂನ ನಮ್ಮ ಹಳೆಯ ಅಡುಗೆಮನೆಯಲ್ಲಿದ್ದೆ.

ಬೇಕರಿಯ ಬಿಸ್ಕತ್ತಿಗೆ ಮೊಟ್ಟೆ ಹಾಕುತ್ತಾರೆಂದು ಅಜ್ಜಿ ಅದನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಕೊನೆಗೆ ಅಮ್ಮ ತಾನೇ ಮಾಡಲು ಹೊರಟಳು. ಮೈದಾ, ಬೆಣ್ಣೆ, ಸಕ್ಕರೆ ಹಾಕಿ ನಾದುತ್ತಿರುವಾಗಲೇ ಪೂಜೆ ಮುಗಿಸಿದ ಅಜ್ಜಿ ಬಂದು ನಿಂತರು. ಅವರು ಬೇಡವೆಂದರೆ ನಮ್ಮ ಮನೆಯಲ್ಲಿ ಇನ್ನೆಂದೂ ಬಿಸ್ಕತ್ತಿಲ್ಲ.

"ಅಂಗಡಿ ತಿಂಡಿ ಒಲೆ ಹತ್ರಾನೇ ಬಂದ್ಬುಡ್ತೇನೇ?"

"ಮೊಟ್ಟೆ ಹಾಕಿಲ್ಲ ಅತ್ತೆ, ನಿಮ್ಮಾಣೆಗೂ."

ಅಜ್ಜಿ ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಉಗುರಿನಿಂದ ಕೆರೆದು ಹಿಟ್ಟಿನ ಮೇಲೆ ಉದುರಿಸಿದರು.

"ಈಗ ಪ್ರಸಾದ ಆಯ್ತು. ಬೇಯಿಸು."

ಅಮ್ಮ ತುಟಿ ಕಚ್ಚಿಕೊಂಡು ಮತ್ತೆ ನಾದಿದಳು. ಲೋಟದ ಬಾಯಿಂದ ಒತ್ತಿ ಬಿಲ್ಲೆಗಳನ್ನು ತಟ್ಟೆಗಿಟ್ಟಳು. ಪಾತ್ರೆಯ ತಳದಲ್ಲಿ ಕಾದ ಮರಳು, ಅದರ ಮೇಲೆ ತಟ್ಟೆ, ಮುಚ್ಚಳದ ಮೇಲೆ ಕೆಂಡ. ತಮ್ಮನೂ ನಾನೂ ಒಲೆಯ ಸುತ್ತ ಕುಣಿಯುತ್ತಿದ್ದೆವು.

"ದೂರ ನಿಂತ್ಕೊಳ್ರೋ, ಸುಟ್ಕೋತೀರಿ!" ಅಮ್ಮ ಗದರಿದಳು.

ಮುಚ್ಚಳ ತೆಗೆದಾಗ ಬಿಸ್ಕತ್ತುಗಳು ಅಂಚಿನಲ್ಲಿ ಕೆಂಪಾಗಿ, ನಡುವೆ ಬಿರಿದು ಉಬ್ಬಿದ್ದವು. ಮೊದಲನೆಯದನ್ನು ಅಜ್ಜಿ ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ನಾವು ಅವರ ದವಡೆಯನ್ನೇ ನೋಡುತ್ತಿದ್ದೆವು.

"ಎಲ್ಲಾ ವಿಭೂತಿ ಮಹಿಮೆ ಕಣೇ," ಎನ್ನುತ್ತ ಇನ್ನೊಂದಕ್ಕೆ ಕೈ ಚಾಚಿದರು.

ಅತ್ತೆಯ ಎದುರಿಗೇ ಅಮ್ಮ ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

"ಏನಾದ್ರೂ ಕಮ್ಮಿ ಇದೆಯಾ ಅಪ್ಪ?" ನಾನು ಬಿಸ್ಕತ್ತು ಕಡಿಯುತ್ತಿದ್ದಂತೆ ಮಗಳು ತಟ್ಟೆ ಹಿಡಿದು ನಿಂತಿದ್ದಳು.

ಹಣೆಗೆ ವಿಭೂತಿ ಇಡುವುದನ್ನು ನಾನು ಎಂದೋ ಬಿಟ್ಟವನು. "ಒಂದು ಚಿಟಿಕೆ," ಎಂದೆ. ಯಾವುದರದ್ದೆಂದು ಹೇಳದೆ ಇನ್ನೊಂದಕ್ಕೆ ಕೈ ಚಾಚಿದೆ.