ದೋಣಿಗೆ ನಿಲ್ಲುವುದನ್ನು ಕಲಿಸಿದ ಮೇಷ್ಟ್ರು

ಒಂಟಿಯಾಗಿ ದೂರ ಸಮುದ್ರಕ್ಕೆ ಹಾಯಿ ಬಿಚ್ಚಿದವನು ಬಿರುಗಾಳಿಯನ್ನು ಗೆದ್ದಾನು, ಬಾಯಾರಿಕೆಯನ್ನು ಗೆದ್ದಾನು, ನಿದ್ದೆಯನ್ನು ಗೆಲ್ಲಲಾರ. ಅಂಥವರಿಗೆ ಕಣ್ಣು ಮುಚ್ಚುವ ಧೈರ್ಯ ಕೊಟ್ಟವರು ನಮ್ಮ ನೌಕಾ ತರಬೇತಿ ಶಾಲೆಯ ಕಾರ್ಯಾಗಾರದ ಹಿರಿಯರು, ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಗಾಳಿ ಮೇಷ್ಟ್ರು. ದೋಣಿಯ ಹಿಂಬದಿಯಲ್ಲಿ ನಿಲ್ಲಿಸಿದ ತೆಳು ಹಲಗೆಯೊಂದು ಗಾಳಿಗೆ ವಾಲಿ, ನೀರಿನೊಳಗಿನ ಹುಟ್ಟನ್ನು ತಿರುಗಿಸಿ, ಹಗ್ಗಗಳ ಮೂಲಕ ಚುಕ್ಕಾಣಿಯನ್ನು ಎಳೆದು, ಮನುಷ್ಯನ ಕೈ ಸೋಕದೆಯೇ ದೋಣಿಯನ್ನು ನಡೆಸುವ ‘ಗಾಳಿ ಚುಕ್ಕಾಣಿ’ಯನ್ನು ಲೋಕದಲ್ಲಿ ಪೂರ್ತಿ ಬಲ್ಲವರು ಇಬ್ಬರೇ. ಒಬ್ಬರು ಮೇಷ್ಟ್ರು, ಇನ್ನೊಬ್ಬ ಈ ಲೇಖನ ಬರೆಯುತ್ತಿದ್ದಾನೆ.

ನಾನು ಸೇರಿದ ಹೊಸತರಲ್ಲಿ ಮಾಡಿದ ಹಲಗೆಯನ್ನು ಅವರು ಎತ್ತಿ ಹಿಡಿದು ನೋಡಿ, “ಇದು ಗಾಳಿಗೆ ತಿರುಗಲ್ಲ ಕಣಯ್ಯ, ಗಾಳೀನೇ ಇದನ್ನ ನೋಡಿ ತಿರುಗಿಕೊಂಡು ಹೋಗುತ್ತೆ” ಎಂದರು. ಹಾಗೆಂದವರೇ ಊಟ ಬಿಟ್ಟು ನನ್ನ ಪಕ್ಕದಲ್ಲಿ ಕೂತು, ಅದನ್ನು ಉಜ್ಜಿ ಉಜ್ಜಿ ತೆಳುಗೊಳಿಸಿಕೊಟ್ಟರು. ಆ ಹಲಗೆ ಆಮೇಲೆ ಸೊಳ್ಳೆ ಸೀನಿದರೂ ತಿರುಗುತ್ತಿತ್ತು.

ಮೇಷ್ಟ್ರ ತಮ್ಮ ಒಂಟಿಯಾಗಿ ಸಾಗರ ದಾಟಲು ಹೊರಟಾಗ, ಅಣ್ಣನೇ ತಮ್ಮನಿಗೆ ಗಾಳಿ ಚುಕ್ಕಾಣಿ ಮಾಡಿಕೊಟ್ಟರು. ಕೆಲವು ವಾರಗಳ ಬಳಿಕ ಸರಕು ಹಡಗೊಂದು ಆ ದೋಣಿಯನ್ನು ನಡು ಸಮುದ್ರದಲ್ಲಿ ಕಂಡಿತು. ಹಾಯಿ ತುಂಬಿತ್ತು, ದಾರಿ ನೆಟ್ಟಗಿತ್ತು, ತಟ್ಟೆಯಲ್ಲಿ ಅರ್ಧ ತಿಂದ ಬ್ರೆಡ್ಡಿತ್ತು, ಮನುಷ್ಯನಿರಲಿಲ್ಲ. ಕೂಗಿ ಕರೆದರೂ ಅದು ಯಾರನ್ನೂ ಲೆಕ್ಕಿಸದೆ ಮುಂದೆ ಸಾಗುತ್ತಲೇ ಇತ್ತಂತೆ.

ಸಾಂತ್ವನ ಹೇಳಲು ಬಂದವರೊಬ್ಬರು, ಮಾತು ತೋಚದೆ, “ಏನೇ ಹೇಳಿ, ಯಂತ್ರ ಮಾತ್ರ ಚಿನ್ನ” ಎಂದುಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಮೇಷ್ಟ್ರ ಕಡೆ ತಿರುಗಿದರು. “ಅದು ಕೆಟ್ಟಿದ್ರೇ ಚೆನ್ನಾಗಿತ್ತು ಭಾವ. ದೋಣಿ ನಿಂತಿರೋದು. ಅವರು ಈಜಿ ಬಂದು ಹತ್ತಿಕೊಳ್ತಿದ್ರು.”

ಅಂದಿನಿಂದ ಮೇಷ್ಟ್ರ ಸೇವೆಯೆಲ್ಲ ಆ ಮಾತಿಗೆ ಉತ್ತರ ಕೊಡುವುದಕ್ಕೇ ಸಂದಿತು. ದೋಣಿಯ ಹಿಂದೆ ನೀರಿನಲ್ಲಿ ಎಳೆದುಕೊಂಡು ಹೋಗುವ ಉದ್ದನೆಯ ಹಗ್ಗವೊಂದನ್ನು ಅವರು ಗಾಳಿ ಚುಕ್ಕಾಣಿಗೆ ಜೋಡಿಸಿದರು. ಬಿದ್ದವನು ಅದನ್ನು ಹಿಡಿದರೆ ಕೀಲು ಕಳಚಿ, ದೋಣಿ ಗಾಳಿಗೆ ಮುಖ ತಿರುಗಿಸಿ ನಿಲ್ಲಬೇಕು. ಆ ‘ಬಾಲ’ವಿಲ್ಲದ ಒಂದು ಯಂತ್ರವನ್ನೂ ಅವರು ಹೊರಗೆ ಬಿಡಲಿಲ್ಲ.

“ಬಾಲ ಕಟ್ಟಿದ್ರೆ ದೋಣಿ ವೇಗ ಕಮ್ಮಿ ಆಗುತ್ತಲ್ಲ ಮೇಷ್ಟ್ರೇ?” ಎಂದು ಸಿರಿವಂತ ಯಾತ್ರಿಕನೊಬ್ಬ ನಕ್ಕ.

“ನೀವು ಬಿದ್ರೆ ದೋಣಿ ಹಗುರಾಗಿ ಇನ್ನೂ ಜೋರಾಗಿ ಓಡುತ್ತೆ. ಅದು ಬೇಕಾ?” ಎಂದರು ಮೇಷ್ಟ್ರು.

ತಮ್ಮನ ಮಗಳು ಬೆಳೆದು ನಮ್ಮ ಶಾಲೆಯಲ್ಲೇ ಶಿಕ್ಷಕಿಯಾದಳು. ಅಪ್ಪ ಮುಗಿಸದ ದಾರಿಯನ್ನು ತಾನು ಒಂಟಿಯಾಗಿ ಮುಗಿಸುವೆನೆಂದು ಪಟ್ಟು ಹಿಡಿದಳು. ಮೇಷ್ಟ್ರು ಯಂತ್ರ ಮಾಡಿಕೊಡಲು ಒಪ್ಪಲಿಲ್ಲ. “ಹಾಗಾದ್ರೆ ಅಂಗಡೀದೇ ಹಾಕ್ಕೊಂಡು ಹೋಗ್ತೀನಿ ದೊಡ್ಡಪ್ಪ. ಅದಕ್ಕೆ ಬಾಲ ಇರಲ್ಲ” ಎಂದಳು. ಮೇಷ್ಟ್ರು ಅಂದೇ ಹಲಗೆ ಆರಿಸಲು ಕೂತರು.

ಯಂತ್ರ ಸಿದ್ಧವಾದಾಗ, ಹೆಬ್ಬಂಡೆಗೂ ನಡುಕ ಹುಟ್ಟಿಸುವ ಚಳಿಯಲ್ಲಿ, ನನ್ನೊಬ್ಬನನ್ನೇ ಕರೆದುಕೊಂಡು ಕೊಲ್ಲಿಗೆ ಇಳಿದರು. ಬಟ್ಟೆ ಬೂಟು ಸಮೇತ ಓಡುವ ದೋಣಿಯಿಂದ ಹಾರಿದರು. ಹಗ್ಗ ಹಿಡಿದರು, ಕೀಲು ಕಳಚಿತು, ದೋಣಿ ಸಾಧು ಹಸುವಿನಂತೆ ನಿಂತಿತು. ಆದರೆ ಹತ್ತಲಾಗಲಿಲ್ಲ. ದೋಣಿಯ ಗೋಡೆ ಎತ್ತರ, ಬಟ್ಟೆ ಭಾರ, ಬೆರಳು ಮರಗಟ್ಟಿದ್ದವು. ಆನೆಯನ್ನು ಒಂದೇ ಕೈಯಲ್ಲಿ ಎತ್ತಬಲ್ಲ ನಾನು ಕೈ ಚಾಚಿದೆ.

“ಮುಟ್ಟಬೇಡ! ಅವಳ ಜತೆ ನೀನಿರ್ತೀಯೇನೋ?”

ತುಟಿ ನೀಲಿಯಾದ ಮೇಲೆ ನಾನು ಮಾತು ಕೇಳಲಿಲ್ಲ; ಎಳೆದು ಹಾಕಿದೆ. ಹಲ್ಲು ಕಟಕಟಿಸುತ್ತಾ ಅವರೆಂದರು: “ದೋಣಿ ನಿಂತಿದ್ರೂ ಅವನಿಗೆ ಹತ್ತೋಕೆ ಆಗ್ತಿರಲಿಲ್ಲ.” ಇಷ್ಟು ವರ್ಷ ತಾವು ಅರ್ಧ ಉತ್ತರವನ್ನಷ್ಟೇ ಹೊತ್ತು ತಿರುಗುತ್ತಿದ್ದೆವೆಂಬುದು ಅವರಿಗೆ ಆ ನೀರಿನಲ್ಲಿ ಗೊತ್ತಾಗಿತ್ತು.

ಅದೇ ಹಗ್ಗ ಎಳೆದರೆ ನೀರಿಗಿಳಿಯುವ ಮಡಿಸುವ ಏಣಿಯೊಂದನ್ನು ಮಾಡಿ, ಅವರು ಮತ್ತೆ ಹಾರಿದರು. ಆ ಸಲ ತಮ್ಮನ ಹೆಂಡತಿ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ನೋಡುತ್ತಿದ್ದರು. ಭಾವ ತಾವಾಗಿಯೇ ಹತ್ತಿ ಬಂದು ಕೆಮ್ಮುತ್ತಾ ಕೂತ ಮೇಲೆ, ಆಕೆ ಮಗಳಿಗೆ “ಹೋಗು” ಎಂದಷ್ಟೇ ಹೇಳಿದರು.

ಹುಡುಗಿ ಈಗ ಸಮುದ್ರದಲ್ಲಿದ್ದಾಳೆ. ಅವಳ ದನಿ ರೇಡಿಯೋದಲ್ಲಿ ಕೇಳಿ ಬಹಳ ದಿನವಾಯಿತು. ಕಾರ್ಯಾಗಾರದ ಕೀಲಿ ಹಿಂದಿರುಗಿಸಿರೆಂದು ಕಚೇರಿಯವರು ಕೇಳಿದರೆ ಮೇಷ್ಟ್ರು, “ನಂದೊಂದು ಯಂತ್ರ ಇನ್ನೂ ಕೆಲಸದಲ್ಲಿದೆ” ಎನ್ನುತ್ತಾರೆ. ಆ ಕೀಲಿ ಅವರ ಬಳಿಯೇ ಇರಲಿ, ಆ ಕೈಗಳಿಗೆ ಇನ್ನೂ ಕೆಲಸವಿರಲಿ. ಇಂಥ ಅಭಿನಂದನಾ ಗ್ರಂಥಗಳಲ್ಲಿ ಹಿರಿಯರಿಗೆ ನೂರು ವರ್ಷ ಹಾರೈಸುವುದು ವಾಡಿಕೆ. ನನ್ನ ಬಾಯಿಗೆ ಸಾವಿರವೂ ಕಡಿಮೆಯೇ. ಆದರೂ ಇವತ್ತು ಸ್ವಲ್ಪವನ್ನೇ ಕೇಳುತ್ತೇನೆ. ಅವಳು ಬರಲಿ, ಅವರು ಕಣ್ಣಾರೆ ನೋಡಲಿ. ನೂರು ವರ್ಷದ ಮಾತು ಆಮೇಲೆ.